ಕಟ್ಟದ ಮೇಲಿನ ಗೆರೆ

ಮೂಡುಬಿದಿರೆಯ ಬಾಡಿಗೆ ಮನೆಯ ಮಹಡಿಯಲ್ಲಿ ಕುಳಿತು ನಾನು ಮಾಡುವ ಕೆಲಸ ಏನೆಂದು ಕೆಳಗಿನ ಮನೆಯವರು ಕೇಳಿದರೆ, ಕಾರುಗಳಿಗೆ ನಕ್ಷೆ ಮಾಡುವುದು ಎಂದು ಹೇಳಿ ಮುಗಿಸುತ್ತೇನೆ. ಅದು ಸುಳ್ಳಲ್ಲ. ಈಗಿನ ಕಾರುಗಳು ತಾವು ಹೋದ ದಾರಿಯನ್ನು ನಮಗೆ ಕಳಿಸುತ್ತಲೇ ಇರುತ್ತವೆ. ಬಂಟ್ವಾಳದ ಕಡೆ ಹೆದ್ದಾರಿ ಕೆಲಸಕ್ಕಾಗಿ ದಾರಿ ತಿರುಗಿಸಿದರೆ ಮೊದಲು ತಿಳಿಸುವುದು ಅವೇ. ಅವು ಹೇಳಿದ್ದನ್ನು ಎಷ್ಟು ನಂಬಬೇಕು, ಯಾವಾಗ ನಕ್ಷೆಗೆ ಸೇರಿಸಬೇಕು, ಯಾವಾಗ ಅಳಿಸಬೇಕು ಎಂಬ ನಿಯಮಗಳನ್ನು ಬರೆಯುವುದು ನನ್ನ ಪಾಲಿಗೆ ಬಂದದ್ದು. ನಂಬದಿರುವುದಕ್ಕೇ ಸಂಬಳ ಎಂದು ಒಮ್ಮೊಮ್ಮೆ ಅನಿಸುತ್ತದೆ. ಬೆಳಗಿನಿಂದ ಸಂಜೆಯವರೆಗೆ ಯಾರೊಡನೆಯೂ ಮಾತಾಡದ ದಿನಗಳೂ ಉಂಟು.

ಕಳೆದ ಬೇಸಿಗೆಯಲ್ಲಿ ಬೆಳ್ತಂಗಡಿ ಕಡೆಯ ನನ್ನ ಹುಟ್ಟೂರಿನ ಹತ್ತಿರದ ಒಂದು ಹೊಳೆಯ ಮೇಲೆ ಕಾರುಗಳು ಹೋದ ದಾರಿಯ ಗೆರೆಗಳು ಕಾಣಿಸಿಕೊಂಡವು. ವಾಹನಗಳು ಈ ದಡದಿಂದ ಆ ದಡಕ್ಕೆ ನೇರ ದಾಟಿದ್ದವು. ಅಲ್ಲಿ ಸೇತುವೆ ಇಲ್ಲ. ನನ್ನ ನಿಯಮ ಅವನ್ನು ತಪ್ಪೆಂದು ಬದಿಗೆ ತಳ್ಳಿತ್ತು. ಆದರೆ ಪರದೆಯ ಮೇಲೆ ಆ ಜಾಗ ನೋಡಿದೊಡನೆ ನನಗೆ ಗೊತ್ತಾಯಿತು, ಅದು ಕಟ್ಟ. ಮಳೆ ನಿಂತ ಮೇಲೆ ತೋಟಗಳಿಗೆ ನೀರು ಸಿಗಲೆಂದು ಆಚೀಚಿನ ಮನೆಯವರು ಸೇರಿ ಕಲ್ಲು, ಮಣ್ಣು, ಮರಳಿನ ಚೀಲ ಹಾಕಿ ಹೊಳೆಗೆ ಅಡ್ಡ ಕಟ್ಟುತ್ತಾರೆ. ಮುಂದಿನ ಮಳೆಗೆ ಅದು ಕೊಚ್ಚಿಹೋಗುತ್ತದೆ. ಅಲ್ಲಿಯವರೆಗೆ ಅದೇ ದಾರಿ.

ಚಿಕ್ಕವನಿದ್ದಾಗ ನಾನು ಅದರ ಮೇಲೆ ಹೋಗಿದ್ದೆ. ಅಪ್ಪನ ಜೀಪು, ಪಕ್ಕದ ಸೀಟಿನಲ್ಲಿ ನಾನು, ಎರಡೂ ಬದಿಗೆ ನೀರು, ಸ್ಟಿಯರಿಂಗ್ ಮೇಲೆ ಅಪ್ಪನ ಕೈ. ಅವರು ತೀರಿಹೋಗಿ ಬಹಳ ಕಾಲವಾಯಿತು. ನಾವಿಬ್ಬರೇ ಇರುವ ನೆನಪು ನನ್ನಲ್ಲಿ ಇದೊಂದೇ.

ಕುವೈತಿನಲ್ಲಿರುವ ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಅವಳು ನಕ್ಕಳು. ನಾವು ಯಾವಾಗಲೂ ಸುತ್ತು ಹಾಕಿ ಸೇತುವೆಯ ಮೇಲೆಯೇ ಹೋಗುತ್ತಿದ್ದದ್ದು ಎಂದಳು.

"ಎಲ್ಲಿಯೋ ನೋಡಿದ್ದನ್ನು ಅಪ್ಪನಿಗೆ ಸೇರಿಸಿದ್ದೀ ಮಾರಾಯ. ಅಷ್ಟು ಓದಿದವನು, ಸಾಕ್ಷಿ ಉಂಟಾ ನಿನ್ನ ಹತ್ತಿರ?"

ನಾನು ಉಳಿದವರಿಗೆಲ್ಲ ಕೇಳುವ ಪ್ರಶ್ನೆ ಅದು.

ಆ ವಾರದ ಮೀಟಿಂಗಿನಲ್ಲಿ ಈ ಗೆರೆಯ ಮಾತು ಬಂತು. ಉಳಿಸಿದರೆ ಮಳೆಗಾಲದಲ್ಲಿ ಯಾರದೋ ಕಾರನ್ನು ಹೊಳೆಗೆ ಕಳಿಸಿದಂತೆ. ಅಳಿಸಿದರೆ ಇರುವ ದಾರಿಯನ್ನು ಇಲ್ಲವೆಂದಂತೆ. ನಿಮ್ಮ ಕಡೆಯ ಜಾಗವಲ್ಲವಾ, ಪ್ರತಿ ವರ್ಷವೂ ಇರುತ್ತದಾ ಎಂದು ನನ್ನ ಮೇಲಧಿಕಾರಿ ಕೇಳಿದರು. ನೋಡಿ ಬಂದು ಹೇಳುತ್ತೇನೆ ಎಂದೆ. ಆ ಜೀಪಿನೊಳಗೆ ನಾನು ಇದ್ದೆನೋ ಇಲ್ಲವೋ ಎಂಬುದು ನನಗೆ ಬೇಕಿತ್ತು. ಅದನ್ನು ಮೀಟಿಂಗಿನಲ್ಲಿ ಹೇಳುವಂತಿರಲಿಲ್ಲ.

ಶನಿವಾರ ಹೋದೆ. ಕಟ್ಟ ಇತ್ತು, ನೆನಪಿಗಿಂತ ಸಣ್ಣದು. ದಡದಲ್ಲಿ ಕಾರು ನಿಲ್ಲಿಸಿ ನೋಡುತ್ತಿದ್ದಾಗ ಹಿಂದಿನಿಂದ ಒಂದು ಪಿಕಪ್ ಬಂದು ನಿಂತಿತು. ಒಳಗಿದ್ದ ಹೆಂಗಸು ಮತ್ತು ಮುದುಕ ಯಾರೂ ಹೇಳದೆಯೇ ಇಳಿದರು. ಡ್ರೈವರ್ ಒಬ್ಬನನ್ನೇ ಹೊತ್ತು ಪಿಕಪ್ ನಿಧಾನ ದಾಟಿತು.

ನೀವು ಯಾಕೆ ಇಳಿದಿರಿ ಎಂದು ಹೆಂಗಸನ್ನು ಕೇಳಿದೆ.

"ಕಟ್ಟದ ಮೇಲೆ ಯಾರಾದರೂ ಕೂತುಕೊಂಡು ಹೋಗ್ತಾರಾ? ಗಾಡಿ ಬಿಡುವವರು ಮಾತ್ರ ಹೋಗುವುದು. ಮೊದಲಿಂದಲೂ ಹಾಗೆಯೇ."

ಮಕ್ಕಳಿದ್ದರೆ ಎಂದೆ.

"ಮಕ್ಕಳನ್ನೇ ಮೊದಲು ಇಳಿಸುವುದು." ನನ್ನ ಕಾರಿನೊಳಗೆ ಇಣುಕಿ ಮುಂದುವರಿಸಿದಳು. "ನಿಮಗೆ ಆ ಕಷ್ಟ ಇಲ್ಲ. ನೀವು ಇಳಿದರೆ ಕಾರು ಬಿಡುವವರು ಯಾರು?"

ಮುದುಕ ನಕ್ಕ. ನಾನೂ ನಕ್ಕೆ. ಅವರು ಕಟ್ಟದ ಮೇಲೆ ನಡೆದು ಆಚೆ ಸೇರಿ ಪಿಕಪ್ ಹತ್ತಿದರು.

ಹಾಗಾದರೆ ಪಕ್ಕದ ಸೀಟಿನಲ್ಲಿ ನಾನು ಇದ್ದಿರಲಾರೆ. ಅಪ್ಪ ದಾಟಿದ್ದು ನಿಜವಾದರೆ ನನ್ನನ್ನು ಈ ದಡದಲ್ಲಿ ಇಳಿಸಿ ದಾಟಿರಬೇಕು. ಸ್ಟಿಯರಿಂಗ್ ಮೇಲಿನ ಆ ಕೈಯನ್ನು ನಾನು ಹೊರಗೆ ನಿಂತು ನೋಡಿರಬೇಕು. ಅಥವಾ ಅದೂ ಇಲ್ಲ. ದಡದಲ್ಲಿ ನಿಂತ ಹಾಗೆ ನೆನಪಿಸಿಕೊಳ್ಳಲು ನೋಡಿದೆ. ಸ್ವಲ್ಪ ಹೊತ್ತಿಗೆ ಅದೂ ಕಾಣತೊಡಗಿತು, ಕಾಲಿಗೆ ಮೆತ್ತಿದ ಕೆಸರಿನ ಸಮೇತ. ಅಷ್ಟು ಸುಲಭವಾಗಿ ಬಂದದ್ದಕ್ಕೇ ನಂಬಿಕೆ ಹುಟ್ಟಲಿಲ್ಲ.

ಮೊದಲ ಗೇರಿನಲ್ಲಿ ಕಟ್ಟದ ಮೇಲೆ ಹೋದೆ. ಎಡಗಡೆ ತುಂಬಿ ನಿಂತ ನೀರು, ಬಲಗಡೆ ಬರೀ ಕಲ್ಲು. ಎರಡೂ ಬದಿಗೆ ನೀರು ಎಂದಿದ್ದೆನಲ್ಲ, ಅದೂ ಹಾಗಲ್ಲ.

ಮನೆಗೆ ಬಂದು ನಿಯಮ ಬರೆದೆ. ಕಟ್ಟದ ದಾರಿ ಮಳೆ ಹಿಡಿಯುವ ಹೊತ್ತಿಗೆ ನಕ್ಷೆಯಿಂದ ತಾನಾಗಿ ಹೋಗಬೇಕು. ಮುಂದಿನ ವರ್ಷ ಯಾರಾದರೂ ದಾಟಿದ ಮೇಲೆಯೇ ಮತ್ತೆ ಬರಬೇಕು. ಹಿಂದಿನ ವರ್ಷದ್ದನ್ನು ಲೆಕ್ಕಕ್ಕೆ ಹಿಡಿಯಬಾರದು. ಪರದೆಯಲ್ಲಿ ನನ್ನ ಕಾರಿನ ಗೆರೆಯೂ ಬಂದಿತ್ತು. ಪಿಕಪ್ಪಿನ ಗೆರೆಗೂ ಅದಕ್ಕೂ ವ್ಯತ್ಯಾಸ ಕಾಣಲಿಲ್ಲ.

ಸಂಜೆ ಅಕ್ಕನಿಗೆ ಫೋನ್ ಮಾಡಿ, ನೀನು ಹೇಳಿದ್ದೇ ಸರಿ ಇರಬಹುದು ಎಂದೆ. ಅವಳು ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ.

"ಸೇತುವೆಯೂ ನನಗೆ ಸರಿಯಾಗಿ ನೆನಪಿಲ್ಲ ಮಾರಾಯ," ಎಂದಳು. "ಅಪ್ಪನ ಜೊತೆ ಒಬ್ಬಳೇ ಹೋದ ನೆನಪು ನನಗೆ ಒಂದೂ ಇಲ್ಲ. ನಿನಗೆ ಉಂಟು ಅಂತ ಕೇಳಿ ಹೊಟ್ಟೆಕಿಚ್ಚಾಯ್ತು. ಅದಕ್ಕೇ ಹಾಗೆ ಹೇಳಿದ್ದು."