ಮಣ್ಣೆತ್ತಿನ ಹೊಟ್ಟೆಯ ಮಣ್ಣು

ಅಪ್ಪನನ್ನು ಕೊಂದವನು ನಮ್ಮ ಪ್ರಯೋಗಾಲಯದ ಫ್ರಿಜ್ಜಿನಲ್ಲಿ ಎರಡು ವರ್ಷ ಇದ್ದ. ವಾರವಾರ ಹೊಸ ತಟ್ಟೆಗೆ ಹಚ್ಚಿ, ಊಟ ಹಾಕಿ ನಾನೇ ಸಾಕುತ್ತಿದ್ದೆ. ಕೊಲ್ಲಬೇಕೆಂದರೆ ಮೊದಲು ಬದುಕಿಸಿಟ್ಟುಕೊಳ್ಳಬೇಕಲ್ಲ.

ಅದೊಂದು ಬ್ಯಾಕ್ಟೀರಿಯಾ. ನನ್ನ ಬಾಯಲ್ಲಿ ಮಾತ್ರ 'ಅವನು'. ಕೂಡ್ಲಿಗಿ ಹತ್ತಿರದ ನಮ್ಮ ಹೊಲದಲ್ಲಿ ಅಪ್ಪನ ಅಂಗಾಲಿಗೆ ಜಾಲಿಮುಳ್ಳು ಚುಚ್ಚಿತು. ಗಾಯ ಕೀವಾಯಿತು, ಆಸ್ಪತ್ರೆಗೆ ಸೇರಿಸಿದೆವು. ಒಂದಾದ ಮೇಲೊಂದು ಆ್ಯಂಟಿಬಯಾಟಿಕ್ ಕೊಟ್ಟರು. ಯಾವುದಕ್ಕೂ ಅವನು ಜಗ್ಗಲಿಲ್ಲ. ಹದಿನೇಳನೆಯ ದಿನ ಅಪ್ಪ ಹೋದ. ಗಾಯದಿಂದ ತೆಗೆದ ಬ್ಯಾಕ್ಟೀರಿಯಾವನ್ನು ನಾನು ಅರ್ಜಿ ಬರೆದು, ಒಪ್ಪಿಗೆ ಪಡೆದು ತಂದೆ. ಮಣ್ಣಿನ ಸೂಕ್ಷ್ಮಜೀವಿಗಳಲ್ಲಿ ಹೊಸ ಔಷಧಿ ಹುಡುಕುವುದು ನಮ್ಮಲ್ಲಿ ಎಲ್ಲರ ಕೆಲಸ. ಉಳಿದವರಿಗೆ ಅದು ಸಂಶೋಧನೆ, ನನಗೆ ಹಗೆ.

ರಜೆ ಸಿಕ್ಕಾಗಲೆಲ್ಲ ಬಸ್ಸು ಹತ್ತಿ ಮಣ್ಣು ತಂದೆ. ಹಡಗಲಿಯ ಮಲ್ಲಿಗೆ ತೋಟದ್ದು, ಉಚ್ಚಂಗಿದುರ್ಗದ ಬೆಟ್ಟದ ಬುಡದ್ದು, ಕೊಟ್ಟೂರಿನ ಕೆರೆಯಂಗಳದ್ದು. ಆ ಮಣ್ಣಿನ ಜೀವಿಗಳನ್ನು ಒಂದೊಂದಾಗಿ ಬೇರ್ಪಡಿಸಿ, ಅವನನ್ನು ಹರಡಿದ ತಟ್ಟೆಯ ನಡುವೆ ಬಿಡುತ್ತಿದ್ದೆ. ಯಾವುದಾದರೂ ಅವನನ್ನು ಕೊಂದರೆ ಅದರ ಸುತ್ತ ಬೋಳು ಉಂಗುರ ಕಾಣಬೇಕು. ಕಾಣಲಿಲ್ಲ. ಅವನು ತಟ್ಟೆ ತುಂಬ ಹಾಯಾಗಿ ಹರಡಿಕೊಂಡಿರುತ್ತಿದ್ದ. ನನಗೆ ಮೈ ಉರಿಯುತ್ತಿತ್ತು.

ಕೊನೆಗೆ ಅವ್ವನಿಗೆ ಫೋನು ಮಾಡಿ, ಅಪ್ಪನಿಗೆ ಮುಳ್ಳು ಚುಚ್ಚಿದ ಬದುವಿನ ಮಣ್ಣನ್ನೇ ಕೇಳಿದೆ. ಗೇಣುದ್ದ ಅಗೆದು, ಕೈ ತಾಗಿಸದೆ, ಹೊಸ ಚೀಲಕ್ಕೆ ಹಾಕಿಡು ಎಂದೆ. ಎರಡು ತಿಂಗಳ ನಂತರ ಊರಿಗೆ ಹೋದರೆ ಅವ್ವ ನನ್ನ ಮುಂದಿಟ್ಟಿದ್ದು ಚೀಲವಲ್ಲ, ಒಂದು ಮಣ್ಣಿನ ಎತ್ತು. ಮಣ್ಣೆತ್ತಿನ ಅಮಾವಾಸ್ಯೆಗೆ ಮಾಡಿ, ಪೂಜಿಸಿ, ಮಾಳಿಗೆಯ ಮೇಲೆ ಒಣಗಿಸಿದ್ದಳು. ಮೈಮೇಲೆಲ್ಲ ಅರಿಸಿನ ಕುಂಕುಮ.

"ಮಣ್ಣು ಕೇಳಿದ್ನಿ ಬೇ, ಎತ್ತು ಕೇಳಿದ್ನೇನು?"

"ಹೊಲದ ಬರೇ ಮಣ್ಣು ಊರು ದಾಟಿಸಬಾರದು. ಎತ್ತು ಮಾಡಿದ್ರ ಅದು ತಾನಾ ನಡಕೊಂಡು ಹೋದಂಗ. ಅದಾ ಬದುವಿಂದೈತಿ, ಒಯ್ಯಿ."

ನೀರು ಹಾಕಿ ಕೈಯಾರೆ ನಾದಿದ ಮಣ್ಣು ಯಾವ ಪರೀಕ್ಷೆಗೆ ಬಂದೀತು? ಅವ್ವನಿಗೆ ಬಾಯಿಗೆ ಬಂದಂತೆ ಬೈದೆ. ಅವಳು ಹಳೆಯ ಸೀರೆಯ ತುಂಡಿನಲ್ಲಿ ಎತ್ತನ್ನು ಸುತ್ತಿ ಕೊಟ್ಟಳು.

ಎಸೆಯಲು ಮನಸ್ಸಾಗದೆ ಅದರ ಹೊಟ್ಟೆ ಒಡೆದು ನಡುವಿನ ಮಣ್ಣು ತೆಗೆದೆ. ಬಿಸಿಲು ತಿಂದ ಆ ಮಣ್ಣಿನಲ್ಲಿ ನಾಜೂಕಿನವೆಲ್ಲ ಸತ್ತು ಗಟ್ಟಿ ಜೀವದವು ಮಾತ್ರ ಉಳಿದಿದ್ದವು. ನಮ್ಮಲ್ಲೂ ಇದಕ್ಕೆಂದೇ ಮಣ್ಣನ್ನು ಒಣಗಿಸುತ್ತೇವೆ. ಅವ್ವ ನಮಗಿಂತ ಚೆನ್ನಾಗಿ ಒಣಗಿಸಿದ್ದಳು. ಅವುಗಳಲ್ಲೊಂದು, ಬೂದಿ ಬಣ್ಣದ್ದು, ಅವನ ನಡುವೆ ಬಿಟ್ಟ ಕೆಲವು ದಿನಕ್ಕೆ ಸುತ್ತ ಉಂಗುರ ಹಾಕಿ ಕೂತಿತ್ತು. ನಾನು ಬಾಗಿಲು ಹಾಕಿಕೊಂಡು ನಕ್ಕೆ.

ಅದು ಔಷಧಿಯಾಗುತ್ತದೋ ಇಲ್ಲವೋ ಇನ್ನೂ ಗೊತ್ತಿಲ್ಲ. ಮನುಷ್ಯರಿಗೂ ವಿಷವಾಗಿರಬಹುದು. ಆದರೆ ಅದು ಗೊತ್ತಾಗುವ ತನಕ ಕಾಯುವ ತಾಳ್ಮೆ ನನಗಿರಲಿಲ್ಲ. ಅವ್ವನನ್ನು ಪ್ರಯೋಗಾಲಯಕ್ಕೆ ಕರೆಸಿ, ಮುಚ್ಚಿದ ತಟ್ಟೆಯನ್ನು ಬೆಳಕಿಗೆ ಹಿಡಿದು ತೋರಿಸಿದೆ.

"ಇಲ್ಲಿ ಬೋಳಾಗೈತಲ್ಲ, ಅಲ್ಲಿದ್ದವೆಲ್ಲ ಸತ್ತಾವು ಬೇ. ನಿನ್ನ ಎತ್ತು ಮೇದೈತಿ."

ಅವ್ವ ಬಹಳ ಹೊತ್ತು ನೋಡಿದಳು. "ಸಾಯೋವಾಗ ಅದಕ್ಕ ನೋವಾಗತೈತೇನು?" ಎಂದು ಕೇಳಿದಳು.

"ಇಲ್ಲ ಬೇ. ಅದಕ್ಕ ನೋವು ಗೊತ್ತಾಗಂಗಿಲ್ಲ."

ಅವಳು ತಟ್ಟೆಯಿಂದ ಕಣ್ಣು ತೆಗೆಯಲಿಲ್ಲ.

"ಆಗಬೇಕಿತ್ತು" ಎಂದಳು.