ಕುತ್ತಿಗೆಯ ಪೈಪು ತೆಗೆಯಬೇಡಿ

ಮಾರ್ಚ್ ಒಂಬತ್ತು, ಮಂಗಳವಾರ, ಬೆಳಿಗ್ಗೆ ಎಂಟು ಗಂಟೆ. ಕಲಬುರಗಿಯ ಒಂದು ಆಸ್ಪತ್ರೆಯ ವಾರ್ಡು. ಹಾಸಿಗೆಯ ಮೇಲೆ ನನ್ನ ತಂಗಿ ಸುಮತಿ. ಪಕ್ಕದಲ್ಲಿ ಅವಳ ಗಂಡ ಗುಂಡೇರಾವ್, ಡಾಕ್ಟರಮ್ಮ, ಒಬ್ಬ ಸಿಸ್ಟರ್ ಮತ್ತು ನಾನು.

‘ಕುತ್ತಿಗಿ ಪೈಪು ಇವತ್ತ ತಗೀಬೇಕು’ ಅಂದರು ಡಾಕ್ಟರಮ್ಮ.

ಗುಂಡೇರಾವ್ ಅಡ್ಡ ನಿಂತುಬಿಟ್ಟ. ‘ಕೈ ಹಚ್ಚಬ್ಯಾಡ್ರಿ!’

ಕಮಲಾಪುರದ ಮಾಸ್ತರ ಅವನು. ಮಕ್ಕಳ ಮೇಲೂ ದನಿ ಎತ್ತಿದವನಲ್ಲ. ಅಂದು ಯಾಕೆ ಎತ್ತಿದ?

ಹಿಂದಿನದನ್ನು ಹೇಳಿಬಿಡುತ್ತೇನೆ. ಸುಮತಿಗೆ ಕರುಳಿನ ಆಪರೇಷನ್ ಆಗಿತ್ತು. ಚೆನ್ನಾಗಿಯೇ ಆಗಿತ್ತು. ಬಾಯಿಂದ ಏನೂ ಕೊಡುವಂತಿರಲಿಲ್ಲ. ಆಹಾರ, ಔಷಧ ಎಲ್ಲವೂ ಕುತ್ತಿಗೆಯ ರಕ್ತನಾಳಕ್ಕೆ ಹಾಕಿದ ಆ ಪೈಪಿನಿಂದಲೇ. (ಅದು ಗೊತ್ತಿದ್ದೂ ಕಮಲಾಪುರದ ಬಸ್ಸಿಳಿದವರೆಲ್ಲ ಕೆಂಪು ಬಾಳೆಹಣ್ಣು ಹಿಡಿದೇ ಬಂದರು. ಅವಳ ಗಲ್ಲ ಸವರಿದರು. ಕೈ ತೊಳೆಯಿರಿ ಎಂದು ಯಾರೂ ಹೇಳಲಿಲ್ಲ. ಬೇಸಿನ್ನಿನಲ್ಲಿ ಸಾಬೂನು ಇದ್ದರಲ್ಲವೇ?)

‘ಅಣ್ಣಾ, ಬಂದವರೆಲ್ಲಾ ನನ್ನ ಮುಂದ ಹಣ್ಣಿಟ್ಟು ಕೈ ಮುಗೀಲಿಕ್ಕತ್ತಾರ. ನಾ ಏನು ದೇವ್ರಾದ್ನೇನು?’ ಎಂದು ನಕ್ಕಿದ್ದಳು ಸುಮತಿ.

ಎರಡನೇ ವಾರ ಜ್ವರ ಬಂತು. ಆಂಟಿಬಯಾಟಿಕ್ ಬದಲಿಸಿದರು. ಇಳಿಯಲಿಲ್ಲ. ರಕ್ತ ಪರೀಕ್ಷೆಗೆ ಕಳಿಸಿದರು. ಆ ಮಂಗಳವಾರ ರಿಪೋರ್ಟ್ ಬಂತು. ರಕ್ತದಲ್ಲಿ ಫಂಗಸ್.

‘ಅಂದ್ರ ಬೂಸ್ಟೇನ್ರಿ? ಉಪ್ಪಿನಕಾಯಿ ಮ್ಯಾಲಿಂದು?’ ಎಂದ ಗುಂಡೇರಾವ್.

‘ಅದರ ಬಳಗ ಅಂತ ತಿಳ್ಕೊಳ್ರಿ. ಎಲ್ಲಾರ ಮೈಮ್ಯಾಲೂ ಇರ್ತದ, ಸುಮ್ನಿರ್ತದ. ಆಂಟಿಬಯಾಟಿಕ್ ಕೊಟ್ಟು ಕೊಟ್ಟು ಅದಕ್ಕ ಜಾಗ ಆಗ್ಯಾದ. ಪೈಪಿಗಿ ಹತ್ತಿ ರಕ್ತಕ್ಕ ಇಳಿದದ.’

‘ಮನೆಯಿಂದ ಬಂದದ್ದಲ್ಲವೇ?’ ಎಂದೆ ನಾನು.

‘ಅಲ್ರಿ. ಇಲ್ಲೇ, ಆಸ್ಪತ್ರ್ಯಾಗ ಹತ್ತಿದ್ದು.’ ಮುಚ್ಚಿಡಲಿಲ್ಲ, ಪುಣ್ಯಾತ್ಗಿತ್ತಿ. ಪೈಪು ಇರುವವರೆಗೆ ಔಷಧ ಹತ್ತುವುದು ಕಷ್ಟ, ಬೇರೆ ದಾರಿ ಮಾಡೋಣ ಎಂದೂ ಹೇಳಿದರು.

ಆದರೆ ಗುಂಡೇರಾವನಿಗೆ ಗೊತ್ತಿದ್ದದ್ದು ಬೇರೆ. ನಮ್ಮ ಕಡೆ ಪೈಪು ತೆಗೆದರೆಂದರೆ ಡಾಕ್ಟರು ಕೈಬಿಟ್ಟರು ಎಂದೇ ಅರ್ಥ. ಮನೆಗೆ ಒಯ್ಯಲು ಜೀಪು ತರಿಸಬೇಕು, ಊರಿಗೆ ಹೇಳಿ ಕಳಿಸಬೇಕು.

‘ನಮ್ಮವ್ವಗ ಮುಂಜಾನಿ ಪೈಪು ತಗದ್ರು. ಊರು ಮುಟ್ಟೂದ್ರಾಗ...’ ಅವನು ಮಂಚದ ಕಂಬಿ ಹಿಡಿದು ನಿಂತ. ‘ನಮ್ಮಣ್ಣ ಬರ್ಲಿ. ಅವನ್ನ ಕೇಳ್ತೀನಿ.’

ನಾನೂ ತಿಳಿಸಿ ಹೇಳಿದೆ. ಕೇಳಲಿಲ್ಲ. ಅವನ ಅಣ್ಣ ಬಂದದ್ದು ಬುಧವಾರ ಸಂಜೆ. ಪೈಪು ಹೊರಗೆ ಬಂದದ್ದು ಗುರುವಾರ. ಹೈದರಾಬಾದಿನಿಂದ ಬಸ್ಸಿನಲ್ಲಿ ತರಿಸಿದ ಫಂಗಸ್ಸಿನ ಇಂಜೆಕ್ಷನ್ ಮೈಗೆ ಹೋಗುವಾಗ ಮಂಚ ಅಲುಗುವಷ್ಟು ನಡುಕ. ಶನಿವಾರ ಮೂತ್ರ ನಿಂತಿತು. ಭಾನುವಾರ ಬೆಳಿಗ್ಗೆ ಸುಮತಿ ಹೋದಳು.

ಕಮಲಾಪುರದ ಸ್ಮಶಾನದಿಂದ ಹೊರಡುವಾಗ ಗುಂಡೇರಾವ್ ನನ್ನ ಪಕ್ಕಕ್ಕೆ ಬಂದ. ‘ಭಾವಾ, ಮಂಗಳವಾರನ ತಗಸಿದ್ರ ಉಳೀತಿದ್ಲೇನು?’

ಅದನ್ನೇ ನಾನು ಡಾಕ್ಟರಮ್ಮನಿಗೆ ಕೇಳಿದ್ದೆ. ತಕ್ಷಣ ತೆಗೆದರೂ ಬಹಳ ಮಂದಿ ಹೋಗುತ್ತಾರೆ, ಆದರೆ ತಡವಾದಷ್ಟೂ ಆಸೆ ಕಡಿಮೆ ಎಂದಿದ್ದರು. ಗುಂಡೇರಾವನಿಗೆ ಮೊದಲ ಅರ್ಧ ಮಾತ್ರ ಹೇಳಿದೆ. ಸುಳ್ಳಾಯಿತೇ? ಆಗಲಿ.

ಗುಂಡೇರಾವನ ಮನೆಗೆ ಬಂದು ಸ್ನಾನ ಮಾಡಿ, ಆಸ್ಪತ್ರೆಯಲ್ಲಿ ಅವಳು ಹೊದ್ದಿದ್ದ ಚಾದರವನ್ನು ಬಿಸಿನೀರಲ್ಲಿ ಒಗೆದೆ. ಹರವುವಾಗ ಪಕ್ಕದ ಮನೆಯವರು ಕಾಂಪೌಂಡಿನಾಚೆಯಿಂದ ಅಂದರು: ‘ಮಾಸ್ತರು ಎಷ್ಟು ಓದಿದ್ರೇನ್ರಿ, ತಿಳಿವಳಿಕಿ ಬ್ಯಾಡೇನು? ಡಾಕ್ಟರ್ ಮಾತು ಕೇಳಬೇಕಿತ್ತು.’ ನೆರಿಗೆ ಬಿಡಿಸಿ, ನಾಲ್ಕೂ ಅಂಚು ಸರಿಮಾಡಿ ಒಳಗೆ ಬಂದೆ. ಅಂದಿನ ಕೆಲಸ ಮುಗಿಯಿತು.

‘ಇನ್ನು ನಮ್ಮ ಕೈಲಾಗದು’ ಎಂಬುದನ್ನು ಬಾಯಿಬಿಟ್ಟು ಹೇಳದೆ, ಪೈಪು ಕಿತ್ತು ತಿಳಿಸುವ ಭಾಷೆಯನ್ನು ನಮಗೆ ಕಲಿಸಿದವರು ಯಾರು?