ಗಾಳಿಯ ದಿನ ಒಯ್ದ ತವರಿನ ಸೀರೆ

ನಮ್ಮ ಕಡೆ ಮದುವೆಯಾದ ಹೆಣ್ಣು ತೀರಿಕೊಂಡರೆ ಕೊನೆಯ ಸೀರೆ ತವರಿನಿಂದಲೇ ಬರಬೇಕು. ಗಂಡನ ಮನೆಯ ಕಪಾಟಿನಲ್ಲಿ ರೇಷ್ಮೆ ತುಂಬಿ ತುಳುಕುತ್ತಿದ್ದರೂ ಅದು ಲೆಕ್ಕಕ್ಕಿಲ್ಲ. ತವರಿನವರು ಬಂದು ಸೀರೆ ಹೊದಿಸಿದ ಮೇಲೆಯೇ ಎತ್ತುವುದು. ಗಂಡ ಇರುವಾಗಲೇ ಹೋದ ಮುತ್ತೈದೆಯಾದರೆ ಹಸಿರು ಸೀರೆ, ಹಸಿರು ಬಳೆ. ಇದನ್ನು ಎಲ್ಲಿಯೂ ಬರೆದಿಟ್ಟಿಲ್ಲ. ಆದರೆ ತಪ್ಪಿದವರನ್ನು ಊರು ಸಾಯುವ ತನಕ ಆಡಿಕೊಳ್ಳುತ್ತದೆ.

ನನ್ನ ಅಕ್ಕನಿಗೆ ತವರು ಅಂದರೆ ನಾನೊಬ್ಬಳೇ. ಗುಂಡಗುರ್ತಿಯ ನಮ್ಮ ಮನೆಯಲ್ಲಿ ಗಂಡುಮಕ್ಕಳಿರಲಿಲ್ಲ. ಅಪ್ಪ, ಅವ್ವ ಹೋದ ಮೇಲೆ ಆ ಮನೆಯೂ ಬೇರೆಯವರದಾಯಿತು. ಅಕ್ಕ ಸೇಡಂನಿಂದ ಚಿಂಚೋಳಿಗೆ ಹೋಗುವ ರಸ್ತೆಯ ಒಂದು ಹಳ್ಳಿಗೆ ಸೊಸೆಯಾಗಿ ಹೋದಳು. ನಾನು ಮದುವೆಯ ಉಸಾಬರಿಯೇ ಬೇಡವೆಂದು ಶಹಾಬಾದಿನಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡು ಕುಳಿತೆ. ಪಂಚಮಿಗೆ ಕರೆಯುವವಳು ನಾನು, ಉಡಿ ತುಂಬುವವಳು ನಾನು, ಭಾವ ಏನಾದರೂ ಅಂದರೆ ಹೋಗಿ ಜಗಳ ತೆಗೆಯುವವಳೂ ನಾನು. “ಎಲ್ಲಾರಿಗೂ ತವರುಮನಿ ಅಂತ ಇರ್ತದ, ನನ್ನ ತವರಿಗೆ ಬರೀ ಬಾಯಿ ಅದ” ಎಂದು ಅಕ್ಕ ಚುಚ್ಚುತ್ತಿದ್ದಳು. ಬಾಯಿ ನನ್ನದು ದೊಡ್ಡದೇ.

ಅಕ್ಕನ ಊರಿನಲ್ಲಿ ಗುಂಡಗುರ್ತಿಯ ಇನ್ನೊಬ್ಬ ಹೆಣ್ಣುಮಗಳಿದ್ದಳು. ಗೋಡೆಗೆ ಬುದ್ಧನ ಫೋಟೊ ಹಾಕಿದ ಮನೆಯವಳು. ಕೂಲಿಗೆ ಅಕ್ಕನ ಹೊಲಕ್ಕೇ ಬರುತ್ತಿದ್ದಳು. ಹುಟ್ಟಿದ ಊರು ಒಂದೇ ಎಂದು ಇಬ್ಬರೂ ಅಕ್ಕ, ತಂಗಿ ಎಂದು ಕರೆದುಕೊಳ್ಳುತ್ತಿದ್ದರು. ಫೋನ್ ಮಾಡಿದಾಗಲೆಲ್ಲ ಅಕ್ಕನ ಬಾಯಲ್ಲಿ ಅವಳ ಮಾತೇ. ನಿಜ ಹೇಳಬೇಕೆಂದರೆ ನನಗೆ ಹೊಟ್ಟೆಕಿಚ್ಚು. ಒಡಹುಟ್ಟಿದವಳು ನಾನಿರುವಾಗ ಇವಳು ಯಾವ ತಂಗಿ ಎಂದು ಸಿಡುಕುತ್ತಿದ್ದೆ.

ಪ್ರತಿ ವರ್ಷ ಎಳ್ಳಮಾವಾಸ್ಯೆಗೆ ಅಕ್ಕನಿಗೆ ಒಂದು ಸೀರೆ ಒಯ್ಯುವುದು ನನ್ನ ಪದ್ಧತಿ. ಅವತ್ತು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಪೂಜೆ ಮಾಡಿ, ಬೆಳೆಯ ನಡುವೆ ನೈವೇದ್ಯದ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಭಜ್ಜಿ ತಿಂದು ಬರುತ್ತೇವೆ. ಆ ವರ್ಷ ಅಮಾವಾಸ್ಯೆ ಇನ್ನೂ ಮುಂದಿರುವಾಗಲೇ ಅಕ್ಕ ಫೋನಿನಲ್ಲಿ ಬಣ್ಣ ಹೇಳಿದಳು.

“ಈ ಸಲ ಹಸರು ತರಬ್ಯಾಡ. ಸಾಕಾಗ್ಯಾದ ನನಗ ಹಸರು ಉಟ್ಟು ಉಟ್ಟು. ತೊಗರಿ ಹೂವಿನಂಥಾ ಹಳದಿ ತಾ.”

“ಈ ವಯಸ್ಸಿನಾಗ ಹಳದಿ? ಮದುಮಗಳು ಆಗ್ತಿಯೇನು?”

“ಆಗ್ತೀನಿ, ನಿಂದೇನ್ ಹೋಗ್ತದ? ಸತ್ತಾಗ ಹ್ಯಾಂಗೂ ಹಸರೇ ಹೊದಸ್ತೀರಿ. ಇದ್ದಾಗರ ಹಳದಿ ಉಟ್ಕೋತೀನಿ.”

ಬಿಡ್ತು ಅನ್ನು ಎಂದು ಬೈದೆ. ಅವಳು ಬಿಡ್ತು ಅನ್ನಲಿಲ್ಲ, ನಕ್ಕಳು. ಮರುದಿನವೇ ಹೋಗಿ ಹಳದಿ ಸೀರೆ ಕೊಂಡೆ. ಕೆಂಪು ಅಂಚಿನದು. ಫಾಲ್ ಹಚ್ಚಿ, ಸೆರಗಿಗೆ ಕುಚ್ಚು ಕಟ್ಟಿ, ಇಸ್ತ್ರಿ ಮಾಡಿ ಅಂಗಡಿಯ ಮೇಲಿನ ಹಲಗೆಯಲ್ಲಿಟ್ಟೆ. ಗಿರಾಕಿಗಳು ಕೇಳಿದರೆ “ಅದು ನಮ್ಮಕ್ಕಂದು, ಮುಟ್ಟಬ್ಯಾಡ್ರಿ” ಎನ್ನುತ್ತಿದ್ದೆ.

ಚಳಿಗಾಲದಲ್ಲಿ ಮೂಡಣದ ಗಾಳಿ ನಮಗೆ ಹೊಸದಲ್ಲ. ಕಿವಿಗೆ ಟವೆಲ್ ಸುತ್ತಿಕೊಂಡರೆ ಮುಗಿಯಿತು. ಬಂಗಾಳ ಕೊಲ್ಲಿಯಲ್ಲಿ ಏನೋ ಎದ್ದಿದೆ ಎಂದು ಟಿ.ವಿ.ಯಲ್ಲಿ ಹೇಳುತ್ತಿದ್ದರು. ಕೊಲ್ಲಿ ಎಲ್ಲಿ, ಶಹಾಬಾದ್ ಎಲ್ಲಿ ಎಂದು ನಾವು ನಕ್ಕೆವು. ಮಧ್ಯಾಹ್ನ ಅದು ಬಂತು. ಮಳೆ ಇಲ್ಲ, ಗುಡುಗಿಲ್ಲ, ಬರೀ ಗಾಳಿ. ಕಲ್ಲು ಪಾಲಿಶ್ ಮಾಡುವ ಕಡೆ ಒಣಗಿ ಬಿದ್ದಿದ್ದ ಬಿಳಿ ಹುಡಿಯೆಲ್ಲ ಎದ್ದು ಊರು ಹಿಟ್ಟಿನ ಗಿರಣಿಯಾಯಿತು. ಅಂಗಡಿಗಳ ಬೋರ್ಡು ಕಿತ್ತು ರಸ್ತೆಯಲ್ಲಿ ಉರುಳಿದವು. ಕರೆಂಟ್ ಹೋಯಿತು. ನಾನು ಶಟರ್ ಎಳೆದುಕೊಂಡು, ಬಾಗಿಲಿನ ಸಂದಿಗೆ ಚಿಂದಿ ತುರುಕಿ ಒಳಗೆ ಕುಳಿತೆ. ಅಕ್ಕನ ತೊಗರಿ ಕೊಯ್ದು ಹೊಲದಲ್ಲೇ ಒಟ್ಟಿದ್ದಾರಲ್ಲ, ಅದರ ಗತಿ ಏನು ಎಂಬುದಷ್ಟೇ ನನ್ನ ಚಿಂತೆಯಾಗಿತ್ತು.

ಬೆಳಿಗ್ಗೆ ಭಾವನ ಫೋನ್ ಬಂತು. ಗಾಳಿಯ ಸದ್ದಿನಲ್ಲಿ ಅವರ ದನಿ ಹೋಗಿ ಬಂದು ಮಾಡುತ್ತಿತ್ತು.

“ತಂಗೆವ್ವಾ, ನಿಮ್ಮಕ್ಕ ಹೋದಳು. ನಿನ್ನಿ ಸಂಜಿಗಿ ಕರ ಬಿಚ್ಚಲಾಕ ಕೊಟ್ಟಿಗ್ಯಾಗ ಹೋಗಿದ್ಳು. ತಗಡ ಎದ್ದು ಮ್ಯಾಲಿನ ಕಲ್ಲು ತಲಿ ಮ್ಯಾಲ ಬಿತ್ತು. ಚಿಂಚೋಳಿಯಿಂದ ಗಾಡಿ ಬರಲಾಕ ದಾರಿನೇ ಇಲ್ಲ, ಗಿಡ ಬಿದ್ದಾವ. ಈಗ ಮುಂಜಾನಿ ಹೊತ್ತು ಹೊಂಡೂ ಮುಂದ ಜೀವ ಬಿಟ್ಟಳು. ಸೀರಿ ತಗೊಂಡು ಬಾ. ನೀ ಬರೂ ತನಕಾ…”

ಅಷ್ಟಕ್ಕೇ ಫೋನ್ ಸತ್ತಿತು. ಆಮೇಲೆ ಎರಡು ದಿನ ನಮ್ಮ ಸೀಮೆಯಲ್ಲಿ ಯಾರ ಫೋನೂ ಬದುಕಲಿಲ್ಲ.

ಕಲ್ಲಿಗೆ ನಮ್ಮಲ್ಲಿ ಬರವಿಲ್ಲ. ನೆಲಕ್ಕೆ ಕಲ್ಲು, ಗೋಡೆಗೆ ಕಲ್ಲು, ಹೊಲದ ಬದುವಿಗೂ ಕಲ್ಲು. ತಗಡಿನ ಮಾಡಿಗೆ ಬೋಲ್ಟ್ ಹಾಕಿ ಬಿಗಿಯುವುದು ಬಿಟ್ಟು ಮೇಲೆ ನಾಲ್ಕು ಫರಸಿ ಕಲ್ಲು ಹೇರಿ ಸುಮ್ಮನಾಗುತ್ತೇವೆ. ನನ್ನ ಅಂಗಡಿಯ ಮೇಲೂ ಇವೆ. ಅಂಥ ಒಂದು ಕಲ್ಲು ನನ್ನ ಅಕ್ಕನನ್ನು ತಿಂದಿತು. ನಾನು ಶಟರ್ ಕೆಳಗೆ ಕುಳಿತು ಬಾಯಿ ಬಡಿದುಕೊಂಡು ಅತ್ತೆ. ಗಾಳಿಯ ಆರ್ಭಟದಲ್ಲಿ ಪಕ್ಕದ ಅಂಗಡಿಯವರಿಗೂ ಕೇಳಿಸಲಿಲ್ಲ.

ನನ್ನ ಬಳಿ ಉಡದ ಹೊಸ ಸೀರೆ ಎಂದರೆ ಹಲಗೆಯ ಮೇಲಿನ ಆ ಹಳದಿಯೊಂದೇ. ಚೀಲಕ್ಕೆ ಹಾಕಿಕೊಂಡು ಹೊರಟೆ.

ವಾಡಿಯ ತನಕ ಒಂದು ಆಟೊ ಸಿಕ್ಕಿತು. ಅಲ್ಲಿ ಸ್ಟೇಷನ್ನಿನಲ್ಲಿ ರೈಲುಗಳು ನಿಂತಲ್ಲೇ ನಿಂತಿದ್ದವು. ಪ್ಲಾಟ್‌ಫಾರ್ಮಿನಲ್ಲಿ ಜನ ಕಂಬಳಿ ಹೊದ್ದು ಗೋಡೆಗೆ ಬೆನ್ನು ಕೊಟ್ಟು ಕುಳಿತಿದ್ದರು. ಚಿತ್ತಾಪುರಕ್ಕೆ ಜೀಪು, ಅಲ್ಲಿಂದ ಸೇಡಂಗೆ ಹಾಲಿನ ಗಾಡಿ. ದಾರಿಯುದ್ದಕ್ಕೂ ವಿದ್ಯುತ್ ಕಂಬಗಳು ಮಲಗಿದ್ದವು. ಕೊಯ್ದಿಟ್ಟ ತೊಗರಿ ಸೂಡುಗಳು ರಸ್ತೆಗೆ ಅಡ್ಡ ಉರುಳುತ್ತಿದ್ದವು. ಅವುಗಳ ಹಿಂದೆ ಗಂಡಸರು, ಹೆಂಗಸರು ಕೈ ಚಾಚಿಕೊಂಡು ಓಡುತ್ತಿದ್ದರು. ‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆ ಕಟ್ಟಿದವನು ಅವತ್ತು ಎದುರಿಗೆ ಸಿಕ್ಕಿದ್ದರೆ ಕಪಾಳಕ್ಕೆ ಬಾರಿಸುತ್ತಿದ್ದೆ.

ನೀ ಬರುವ ತನಕ ಏನು? ನೀ ಬರುವ ತನಕ ಎತ್ತುವುದಿಲ್ಲ ಎಂದರೋ? ನೀ ಬರುವ ತನಕ ತಡೆಯಲಾಗದು ಎಂದರೋ? ಹೊತ್ತು ಮುಳುಗುವ ಮುಂಚೆ ಮಣ್ಣು ಕೊಡುವುದು ಅಲ್ಲಿಯ ಕಟ್ಟು. ದಾರಿಯುದ್ದಕ್ಕೂ ಆ ಮಾತಿಗೆ ಬಾಲ ಕಟ್ಟುತ್ತಾ, ಬಿಚ್ಚುತ್ತಾ ಹೋದೆ.

ಸೇಡಂನಲ್ಲಿ ಬಸ್ಸುಗಳೆಲ್ಲ ನಿಂತಿದ್ದವು. ಆದರೆ ನನ್ನ ದೈವ, ಚಿಂಚೋಳಿ ಕಡೆಗೆ ಒಂದು ಟೆಂಪೊ ಹೊರಟು ನಿಂತಿತ್ತು. ರಸ್ತೆಗೆ ಬಿದ್ದ ಗಿಡ ಕಡಿಯಲು ಹೊರಟವರು ಅದರಲ್ಲಿದ್ದರು. ನನ್ನ ಕಥೆ ಕೇಳಿದ ಡ್ರೈವರ್ “ಹತ್ತರಿ ಅಕ್ಕಾರ, ಗಿಡ ಕಡಕೋತ ಕಡಕೋತ ಹೋಗೋಣು” ಎಂದ. ಒಂದು ಕಾಲು ಮೇಲಿಟ್ಟಿದ್ದೆ. ಒಳಗೆ ಮೂಲೆಯಲ್ಲಿ ಕುಳಿತಿದ್ದ ಒಬ್ಬ ಮುದುಕಿ ನನ್ನ ಚೀಲದ ಬಾಯಲ್ಲಿ ಇಣುಕುತ್ತಿದ್ದ ಸೀರೆ ನೋಡಿದಳು.

“ತವರಿನ ಸೀರಿ ಏನವ್ವಾ? ಹಳದಿ ತಂದೀದಿ? ಗಂಡ ಅದಾನಿಲ್ಲೋ ಆಕಿಗಿ?”

“ಅದಾನ.”

“ಯವ್ವಾ, ಮುತ್ತೈದಿಗಿ ಹಸರು ಬ್ಯಾಡೇನು? ತವರಿನ ಮಂದಿಗಿ ಇಷ್ಟೂ ಗೊತ್ತಿಲ್ಲಂತ ಊರಾಗ ಆಡ್ಕೋತಾರ.”

ಊರ ಜನ ಏನಾದರೂ ಅನ್ನಲಿ ಎಂದು ಬದುಕಿಡೀ ಎದೆಯೆತ್ತಿ ನಡೆದವಳು ನಾನು. ಆದರೆ ಆ ಒಂದು ಮಾತು ನನ್ನ ಕಾಲು ಕೆಳಗಿಳಿಸಿತು. ಗಂಡು ದಿಕ್ಕಿಲ್ಲದ ತವರು, ಒಂದು ಹಸಿರು ಸೀರೆಗೂ ಗತಿಯಿಲ್ಲ ಎಂದು ಅಕ್ಕನ ಹೆಣದ ಮುಂದೆ ಯಾರಾದರೂ ಅಂದರೆ? ನನಗಲ್ಲ, ಅವಳಿಗೆ ಆ ಮಾತು ತಾಗಬಾರದು ಅನ್ನಿಸಿತು. ಟೆಂಪೊ ಬಿಟ್ಟೆ.

ಬಜಾರಿನಲ್ಲಿ ಎಲ್ಲ ಅಂಗಡಿಗೂ ಬೀಗ. ಗೊತ್ತಿದ್ದ ಬಟ್ಟೆ ವ್ಯಾಪಾರಿಯ ಮನೆ ಹುಡುಕಿ ಬಾಗಿಲು ಬಡಿದೆ. ಪಾಪ, ಅವರು ಉಣ್ಣುವುದು ಬಿಟ್ಟು ಎದ್ದು ಬಂದರು. ಅಂಗಡಿಯ ಶಟರ್‌ಗೆ ಮರದ ಕೊಂಬೆ ಬಿದ್ದಿತ್ತು, ಅದನ್ನು ಎಳೆದು ಹಾಕಬೇಕಾಯಿತು. ಒಳಗೆ ಗವ್ವೆನ್ನುವ ಕತ್ತಲೆ. ಮೊಬೈಲಿನ ಬೆಳಕಿನಲ್ಲಿ ಹಸಿರು ಯಾವುದು, ನೀಲಿ ಯಾವುದು ತಿಳಿಯಲಿಲ್ಲ. ಒಂದೊಂದೇ ಸೀರೆಯನ್ನು ಬಾಗಿಲ ಬೆಳಕಿಗೆ ತಂದು ತಂದು ನೋಡಿದೆ. ಇಷ್ಟು ವರ್ಷ ಬಟ್ಟೆಯ ನಡುವೆ ಬದುಕಿದ ನನ್ನ ಕಣ್ಣಿಗೇ ಬಣ್ಣ ಹತ್ತಲಿಲ್ಲ. ಅಂತೂ ಒಂದು ಹಸಿರು ಸಿಕ್ಕಿತು. ಅದನ್ನು ಹಳದಿಯ ಮೇಲಿಟ್ಟುಕೊಂಡು ಹೊರಗೆ ಬರುವಷ್ಟರಲ್ಲಿ ಒಂದು ತಾಸು ಕಳೆದಿತ್ತು.

ಮುಂದೆ ಒಂದು ಟ್ರ್ಯಾಕ್ಟರ್ ಸಿಕ್ಕಿತು. ಟೆಂಪೊದವರು ಕಡಿದು ಸರಿಸಿದ ದಾರಿಯಲ್ಲೇ ಹೋದೆವು. ಬದಿಗೆ ಎಳೆದಿಟ್ಟ ಬೇವಿನ ಕೊಂಬೆಗಳಿಂದ ಹಸಿ ವಾಸನೆ ಬರುತ್ತಿತ್ತು. ಕೊನೆಯ ಹಳ್ಳದ ಹತ್ತಿರ ಟ್ರ್ಯಾಕ್ಟರ್ ಬೇರೆ ದಾರಿ ಹಿಡಿಯಿತು. ಅಲ್ಲಿಂದ ನಡಿಗೆ. ಗಾಳಿ ಎದುರಿನಿಂದ ಎದೆಗೆ ಕೈಯಿಟ್ಟು ಹಿಂದಕ್ಕೆ ನೂಕುತ್ತಿತ್ತು. ಚೀಲವನ್ನು ಮಗುವಿನಂತೆ ಅವುಚಿಕೊಂಡು, ಬಗ್ಗಿ ಬಗ್ಗಿ ನಡೆದೆ.

ಊರ ಅಗಸಿ ಬಾಗಿಲು ಕಾಣಿಸಿತು. ಹೊತ್ತು ಇನ್ನೂ ಪೂರ್ತಿ ಮುಳುಗಿರಲಿಲ್ಲ. ಬಂದೆನವ್ವಾ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಆಗ ಹೊಲದ ದಾರಿಯಿಂದ ನಾಲ್ಕು ಜನ ಎದುರಿಗೆ ಬಂದರು. ಅವರ ಹೆಗಲ ಮೇಲೆ ಗುದ್ದಲಿ ಇತ್ತು. ನನ್ನನ್ನು ನೋಡಿ ತಲೆ ತಗ್ಗಿಸಿ ಪಕ್ಕಕ್ಕೆ ಸರಿದರು. ಕೇಳುವುದು ಏನೂ ಉಳಿದಿರಲಿಲ್ಲ.

ಅಕ್ಕನನ್ನು ಅವರ ಹೊಲದಲ್ಲೇ, ಕೊಯ್ದ ತೊಗರಿಯ ಕೂಳೆಗಳ ನಡುವೆ ಕೂರಿಸಿ ಮಣ್ಣು ಕೊಟ್ಟಿದ್ದರು. ಮಣ್ಣು ಇನ್ನೂ ಹಸಿಯಾಗಿತ್ತು. ಭಾವ ಒಂದು ಕಡೆ ಕುಕ್ಕರಗಾಲಿನಲ್ಲಿ ಕುಳಿತಿದ್ದರು. ಇನ್ನೊಂದು ಕಡೆ ಗುಂಡಗುರ್ತಿಯ ಆ ಹೆಣ್ಣುಮಗಳು.

“ತವರಿನ ಸೀರಿ ಇಲ್ಲದ ಹ್ಯಾಂಗ ಎತ್ತಿದಿರಿ?” ಎಂದು ಚೀರಿದೆ. “ನಾ ಏನ್ ಸತ್ತಿದ್ನಾ? ಯಾರನ್ನ ಕೇಳಿ ಮಣ್ಣು ಕೊಟ್ರಿ?” ಬಾಯಿಗೆ ಬಂದದ್ದೆಲ್ಲ ಅಂದೆ. ಆ ಹೆಣ್ಣುಮಗಳು ಎದ್ದು ಬಂದು ನನ್ನ ಎರಡೂ ಕೈ ಹಿಡಿದಳು.

“ಬೈರಿ ಅಕ್ಕಾರ, ಬೈರಿ. ಹೊತ್ತು ಮುಳಗಲಾಕತ್ತಿತ್ತು. ಅಯ್ಯನವರು ಇನ್ನ ತಡೀಲಾಕ ಆಗೂದಿಲ್ಲ ಅಂದ್ರು. ಅಕ್ಕ ತವರು ಇಲ್ಲದಾಕಿ ಆಗಿ ಹೋಗಬಾರದಂತ ನಾ ಅಂದೆ, ನಾನೂ ಗುಂಡಗುರ್ತಿಯಾಕಿನೇ ಅದೀನಿ, ನನ್ನ ಸೀರಿ ಹಾಕ್ರಿ ಅಂತ. ಇಟ್ಟಿಗಿ ಬಣ್ಣದ್ದು. ಒಗದದ್ದೇ ಇತ್ತರಿ.”

ಇವಳು ಯಾವ ತಂಗಿ ಎಂದು ಸಿಡುಕುತ್ತಿದ್ದೆನಲ್ಲ, ಅವಳ ಹೆಗಲ ಮೇಲೆಯೇ ತಲೆಯಿಟ್ಟು ಅತ್ತೆ. ಅವಳ ಕೈಗಳಿಗೆ ಇನ್ನೂ ಮಣ್ಣಿತ್ತು.

ಅಳು ಸ್ವಲ್ಪ ತಗ್ಗಿದ ಮೇಲೆ ಚೀಲಕ್ಕೆ ಕೈ ಹಾಕಿದೆ. ಮೇಲಿದ್ದ ಹಸಿರನ್ನು ಸರಿಸಿ ಹಳದಿಯನ್ನು ಎಳೆದೆ. ಬಿಚ್ಚಿ, ಆ ಹಸಿಮಣ್ಣಿನ ಮೇಲೆ ಹಾಸಿದೆ. ಗಾಳಿ ಕೂಡಲೇ ಅದನ್ನು ಎತ್ತಿತು. ಭಾವ ಅಭ್ಯಾಸಬಲದಿಂದ ಬದುವಿನ ಒಂದು ಕಲ್ಲಿಗೆ ಕೈ ಹಾಕಿದರು.

“ಕಲ್ಲು ಬ್ಯಾಡ್ರಿ!” ಎಂದೆ.

ಅವರ ಕೈ ಅಲ್ಲೇ ನಿಂತಿತು. ಕಲ್ಲು ಬಿಟ್ಟು ಹಿಂದೆ ಸರಿದರು. ನಾನು ಸೀರೆಯ ಒಂದು ತುದಿಯ ಮೇಲೆ ಕುಳಿತೆ. ಗುಂಡಗುರ್ತಿಯವಳು ಇನ್ನೊಂದು ತುದಿಯ ಮೇಲೆ ಕುಳಿತಳು. ನಮ್ಮಿಬ್ಬರ ನಡುವೆ ಹಳದಿ ಉಬ್ಬುತ್ತಿತ್ತು, ಇಳಿಯುತ್ತಿತ್ತು.

ಭಾವ ಅದನ್ನೇ ನೋಡುತ್ತಾ ಮೆಲ್ಲಗೆ ಹೇಳಿದರು:

“ನೀ ಬರೂ ತನಕಾ ಎತ್ತೂದಿಲ್ಲ ಅಂತಲೇ ಹೇಳಲಾಕತ್ತಿದ್ದೆ ತಂಗೆವ್ವಾ, ಫೋನ್ ಕಟ್ ಆಯ್ತು. ಮುತ್ತೈದಿಗಿ ಹಸರೇ ಆಗಬೇಕು, ಮನ್ಯಾಗಿಂದೇ ಒಂದು ಹಸರು ಹೊದಿಸಿ ಎತ್ತರಿ ಅಂತ ಹಿರ್ಯಾರು ಭಾಳ ಅಂದ್ರು. ನಾ ಜಗಳಾಡಿದೆ. ಆಕಿ ತಂಗೀ ಕಡಿಂದ ಹಳದಿ ಬೇಡ್ಯಾಳ, ಹಳದಿನೇ ಬರ್ತದ, ಅದನ್ನೇ ಹೊದಸೂದು ಅಂದೆ. ಕಡೀಕ ಅವರೂ ಒಪ್ಪಿದ್ರು. ಅದಕ್ಕಂತ ಇನ್ನೊಂದು ತಾಸು ಕಾದ್ವಿ.”

ನಾನು ಚೀಲವನ್ನು ಮಡಿಲಿಗೆ ಎಳೆದುಕೊಂಡು ಅದರ ಬಾಯಿ ಮುಚ್ಚಿದೆ. ಒಳಗೆ ಹಸಿರು ಸೀರೆ ಅಂಗಡಿಯ ಕವರಿನಲ್ಲಿ ಹಾಗೇ ಇತ್ತು.